ರಾಗಿ ಕೂಳೆಯ ಮೇಲೆ ಬಿತ್ತಿದ ಗೋಧಿ

ತೊಂಬತ್ತರ ದಶಕದಲ್ಲಿ ಸರಸ್ವತಿಪುರಂನ ನಮ್ಮ ಮನೆಯ ಪಕ್ಕದ ಸೈಟು ಖಾಲಿ ಬಿದ್ದಿತ್ತು. ಮಾಲೀಕರನ್ನು ಕೇಳಿ ನಾನು ಅದರಲ್ಲಿ ಒಂದಿಷ್ಟು ರಾಗಿ ಬೆಳೆಯುತ್ತಿದ್ದೆ. ಒಂದು ವರ್ಷ ಅತ್ತೆ ಧಾರವಾಡದಿಂದ ಬಂದರು, ಸೆರಗಿನಲ್ಲಿ ಎರಡು ಸೇರು ಗೋಧಿ ಬೀಜ ಕಟ್ಟಿಕೊಂಡು. ಮಾವ ತೀರಿಹೋದ ಮೇಲೆ ಅವರಿಗೆ ಎಲ್ಲಿಯೂ ಮನಸ್ಸು ನಿಲ್ಲುತ್ತಿರಲಿಲ್ಲ. ಇಲ್ಲಿ ನಿಲ್ಲಲಿ ಎಂಬ ಆಸೆ ನನ್ನದು. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡವಳು ನಾನು. ಶಾಲೆಯಲ್ಲಿ ಪಾಠ ಮಾಡಿ ಮನೆಗೆ ಬಂದಾಗ ಬಾಗಿಲು ತೆಗೆದು "ಬಾರವಾ" ಎನ್ನುವವರು ಒಬ್ಬರಿದ್ದರೆ ಎಷ್ಟು ಹಿತವೆಂದು ಅವರು ಬಂದಮೇಲೇ ತಿಳಿದದ್ದು.

ರಾಗಿ ಕೊಯ್ದಾಯಿತು, ನೆಲದಲ್ಲಿ ಕೂಳೆಯ ಮೋಟು ಉಳಿದಿತ್ತು. "ಕೂಳಿ ಬೇರು ಸಮೇತ ಕಿತ್ತು ಹಸನ ಮಾಡು, ನಾ ಬಿತ್ತತೀನಿ" ಎಂದರು ಅತ್ತೆ. ನನ್ನ ಮುಂದೆ ಪರೀಕ್ಷೆಯ ಪತ್ರಿಕೆಗಳ ರಾಶಿ. ಕೂಳೆಯನ್ನು ಕುಡುಗೋಲಿನಿಂದ ಸವರಿ, ಉಳಿದ ಹುಲ್ಲನ್ನೂ ಅಲ್ಲೇ ಹರಡಿ, ಮೇಲೆ ಮಣ್ಣೆಳೆದು ಕೈತೊಳೆದುಕೊಂಡೆ. ನೋಡಲು ಏನು ಚೆಂದ ಕಾಣುತ್ತಿತ್ತು ಅಂತೀರಿ!

ಅತ್ತೆ ಬಿತ್ತಿ ಹತ್ತು ದಿನವಾದರೂ ಅಲ್ಲೊಂದು ಇಲ್ಲೊಂದು ಮೊಳಕೆ ಬಿಟ್ಟರೆ ಸಾಲುಗಳು ಬೋಳುಬೋಳು. ಅತ್ತೆ ಬೆಳಿಗ್ಗೆ ಸಂಜೆ ಹೋಗಿ ನಿಂತು ಬರುತ್ತಿದ್ದರು. ಊಟ ಕಡಿಮೆಯಾಯಿತು. ಒಂದು ದಿನ ಮಗನಿಗೆ, ಅಂದರೆ ನನ್ನ ಗಂಡನಿಗೆ, ಹೇಳಿಯೇಬಿಟ್ಟರು: "ಬೀಜ ಛಲೋ ಇತ್ತಪಾ. ಈ ಮಣ್ಣ ನನಗ ಒಗ್ಗವಲ್ದು. ಸಂಕ್ರಮಣದಾಗ ನಾ ಹೊಳ್ಳಿ ಹೋಗ್ತೀನಿ."

ಒಲೆಯ ಮುಂದೆ ನಿಂತಿದ್ದ ನಾನು ಸೌಟು ಬಿಟ್ಟು ಹೊರಗೆ ಬಂದೆ. ಬೈಸಿಕೊಳ್ಳುವ ಭಯಕ್ಕಿಂತ ಅವರು ಹೋಗುವ ಭಯ ದೊಡ್ಡದಾಗಿತ್ತು.

"ಅತ್ತೆ, ಮಣ್ಣಿನದಲ್ಲ, ತಪ್ಪು ನಂದು. ಕೂಳೆ ಕೀಳ್ಲೇ ಇಲ್ಲ. ಹುಲ್ಲೆಲ್ಲ ಮಣ್ಣಲ್ಲಿ ಮುಚ್ಚಾಕ್ಬುಟ್ಟಿದ್ದೆ."

ಅವರು ನೇರ ಸೈಟಿಗೆ ಹೋಗಿ ಒಂದು ಸಾಲು ಕೆದಕಿದರು. ಬೆರಳಿನ ಆಳದಲ್ಲೇ ಚಾಪೆಯಂತೆ ಹುಲ್ಲು. ಅದರ ಮೇಲೆ ಬೀಜಗಳು ಉಬ್ಬಿ, ಮಣ್ಣಿನ ತೇವ ಸಿಗದೆ ಒಣಗಿ ಬಿದ್ದಿದ್ದವು. ಬೈಗುಳಕ್ಕೆ ಕಾದು ನಿಂತೆ.

"ಮಾಸ್ತರಣಿ!" ಎಂದು ನಕ್ಕರು. "ಸಾಲಿ ಹುಡುಗೂರು ಹಿಂಗ ಕಸಾ ಮುಚ್ಚಿಟ್ರ ಎಷ್ಟ್ ಬಡೀತೀ?"

ಆ ಭಾನುವಾರವೆಲ್ಲ ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ಹುಲ್ಲೆಳೆದೆವು. ಉಳಿದ ಬೀಜವನ್ನು ಬೋಳು ಸಾಲುಗಳಿಗೆ ಹಾಕಿ ಅತ್ತೆ ಪಾದದಿಂದ ಮೆಲ್ಲನೆ ತುಳಿದರು. ವಾರದೊಳಗೆ ಹಸಿರು ಕಂಡಿತು. ಅಂಥ ಭಾರಿ ಬೆಳೆಯೇನಲ್ಲ, ಮೊದಲು ಹುಟ್ಟಿದ್ದು ಮೊಣಕಾಲುದ್ದ, ಆಮೇಲಿನದು ಗೇಣುದ್ದ. ಎದುರುಮನೆಯವರು ತಮಾಷೆ ಮಾಡಿದರು. ನಾನು ಮಾತ್ರ ಸಂಕ್ರಾಂತಿಗೆ ಉಳಿದ ದಿನ ಎಣಿಸುತ್ತಿದ್ದೆ.

ಸಂಕ್ರಾಂತಿಯ ಬೆಳಿಗ್ಗೆ ಅತ್ತೆ ಬೇಲಿಯ ಬಳಿ ನಿಂತು ಬೆಳೆಯನ್ನೇ ನೋಡುತ್ತಿದ್ದರು. ಬಸ್ಸು ಎಷ್ಟು ಗಂಟೆಗೆಂದು ಕೇಳುವ ಧೈರ್ಯ ನನಗಿರಲಿಲ್ಲ.

"ರಾಗಿ ಹಿಂದ ಗೋಧಿ ಬ್ಯಾಡವಾ," ಎಂದರು, ತಿರುಗದೆ. "ಬರೂ ಮಳಿಗಾಲಕ್ಕ ಇಲ್ಲಿ ಹೆಸರುಕಾಳ ಹಾಕೂಣು. ಆಮ್ಯಾಲೆ ಗೋಧಿ ಬಿತ್ತೂಣು."

ಬರುವ ಮಳೆಗಾಲ! ಕಾಫಿ ತರುತ್ತೇನೆಂದು ಒಳಗೆ ಓಡಿ, ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.