ತಳದಲ್ಲಿ ಉಪ್ಪಿಲ್ಲದ ಬಾಟಲಿ

ದನದ ಸಗಣಿ, ಕುರಿಯ ಹಿಕ್ಕೆ, ನಾಯಿಯ ಕಕ್ಕ. ಇವುಗಳ ಮುಂದೆ ಮೂವತ್ತು ವರ್ಷ ಕೂತೂ ಮೂಗು ಮುರಿಯದವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ, ಊರಿನ ಪಶು ಆಸ್ಪತ್ರೆಯಲ್ಲಂತೂ ಒಬ್ಬಳೇ ಇದ್ದಳು. ಎಲ್ಲರೂ ಅವಳನ್ನು ಲ್ಯಾಬಕ್ಕ ಎನ್ನುತ್ತಿದ್ದರು. ಹಿಂಭಾಗದ ಕೋಣೆ ಅವಳದು. ಅಲ್ಲಿ ಒಂದು ಕಿಟಕಿ, ಒಂದು ಸಿಂಕು, ಕೈಯಿಟ್ಟ ಕಡೆಯೆಲ್ಲ ಬಣ್ಣ ಹೋದ ಒಂದು ಮೈಕ್ರೋಸ್ಕೋಪು. ಜನ ಬೆಂಕಿಪೊಟ್ಟಣದಲ್ಲಿ, ಮಾತ್ರೆ ಡಬ್ಬಿಯಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ತಂದುಕೊಡುತ್ತಿದ್ದರು. ಒಮ್ಮೆ ಒಬ್ಬ ಮಹಾನುಭಾವ ಸಿಹಿತಿಂಡಿ ಡಬ್ಬಿಯಲ್ಲಿ ತಂದಿಟ್ಟು ಹೋಗಿದ್ದ. ಕಾಂಪೌಂಡರು ಆಸೆಯಿಂದ ಮುಚ್ಚಳ ತೆಗೆದರು. ಆಮೇಲೆ ಒಂದು ವಾರ ಅವರು ಸಿಹಿಯ ಮಾತೆತ್ತಲಿಲ್ಲ.

ಮದುವೆಯಾದ ಹೊಸತರಲ್ಲಿ ಅತ್ತೆ ಇವಳ ಕೆಲಸ ಕೇಳಿ ಹೌಹಾರಿದ್ದರು. ಅಡುಗೆಮನೆಗೆ ಕಾಲಿಡುವ ಮುಂಚೆ ಮೂರು ಸಲ ಕೈ ತೊಳೆಸುತ್ತಿದ್ದರು. ನಾಲ್ಕನೇ ಸಲ ಇವಳೇ ತೊಳೆದುಕೊಳ್ಳುವುದನ್ನು ನೋಡಿದ ಮೇಲೆ ಸುಮ್ಮನಾದರು. "ನಮ್ಮ ಸೊಸೆ ಕೈಯಷ್ಟು ಶುದ್ಧ ಯಾರದ್ದೂ ಇಲ್ಲ" ಎಂದು ಈಗ ಬೀದಿಗೆಲ್ಲ ಹೇಳುವವರೂ ಅವರೇ. ಬಸ್ಸು ಓಡಿಸುವ ಗಂಡನದು ಬೇರೆ ರಾಗ. "ಇವಳಿಗೆ ಮುತ್ತು ತಂದುಕೊಟ್ರೂ ಮೊದಲು ಗಾಜಿನ ಮೇಲಿಟ್ಟು ನೋಡ್ತಾಳೆ" ಎಂದು ಬಂದವರೆದುರು ಕಾಲೆಳೆಯುತ್ತಿದ್ದ. ಅವನು ಮುತ್ತು ತಂದ ದಾಖಲೆ ಮಾತ್ರ ಎಲ್ಲೂ ಇಲ್ಲ.

ಅವಳ ಕೆಲಸದ ಗುಟ್ಟೆಲ್ಲ ಉಪ್ಪುನೀರಿನಲ್ಲಿತ್ತು. ಬಿಸಿನೀರಿಗೆ ಉಪ್ಪು ಹಾಕುತ್ತಾ ಹೋಗಬೇಕು, ಇನ್ನು ಕರಗಲಾರೆ ಎಂದು ಅದು ತಳದಲ್ಲಿ ಕೂರುವವರೆಗೂ. ಅಷ್ಟು ಗಟ್ಟಿಯಾದ ನೀರಿನಲ್ಲಿ ಮಾದರಿಯನ್ನು ಕದಡಿ ಕಾಲು ಗಂಟೆ ಬಿಟ್ಟರೆ ಹುಳುವಿನ ಮೊಟ್ಟೆಗಳು ಮೇಲಕ್ಕೆ ತೇಲಿ ಬಂದು ಮೇಲೆ ಮುಚ್ಚಿದ ಗಾಜಿಗೆ ಅಂಟುತ್ತವೆ. ನೀರು ತೆಳುವಾದರೆ ತೇಲುವುದಿಲ್ಲ, ಮುಳುಗಿಯೇ ಇರುತ್ತವೆ. ಆಗ ಗಾಜು ಸ್ವಚ್ಛ, ವರದಿ ಸ್ವಚ್ಛ, ಹುಳು ಮಾತ್ರ ನಾಯಿಯ ಹೊಟ್ಟೆಯಲ್ಲಿ ಆರಾಮವಾಗಿರುತ್ತದೆ.

ಇದನ್ನು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳೇ ಒಂದು ದಿನ ಎಡವಿದಳು. ಅಂದು ಬೆಳಗ್ಗೆ ಸಾಲು ಗೇಟಿನವರೆಗೆ ಬೆಳೆದಿತ್ತು. ಉಪ್ಪಿನ ಚೀಲ ನೋಡಿದರೆ ಅರ್ಧ ಪಾವೂ ಇಲ್ಲ. ಉಗ್ರಾಣದ ಬೀಗದ ಕೈ ಇದ್ದವರು ರಜೆ. ಇದ್ದಷ್ಟು ಉಪ್ಪನ್ನೇ ಸುರಿದು, ಬಾಟಲಿಯ ಗೆರೆಯವರೆಗೆ ನೀರು ತುಂಬಿಸಿ, "ಒಂದು ದಿನಕ್ಕೆ ಏನಾಗುತ್ತೆ" ಎಂದುಕೊಂಡಳು. ಮನೆ ಮುಳುಗಿಸುವ ಮಾತುಗಳಲ್ಲಿ ಇದಕ್ಕೇ ಅಗ್ರಸ್ಥಾನ. ಹದಿನಾಲ್ಕು ಮಾದರಿ ನೋಡಿದಳು. ಹದಿನಾಲ್ಕರಲ್ಲೂ ಏನೂ ಇಲ್ಲ. ಊರಿನ ಪ್ರಾಣಿಗಳೆಲ್ಲ ಸುಧಾರಿಸಿಬಿಟ್ಟವು ಎಂದು ಹಿಗ್ಗಿದಳು ಕೂಡ.

ಹದಿನಾಲ್ಕರಲ್ಲಿ ಒಂದು ಬಡಗಿಯ ಮನೆಯ ಹೆಣ್ಣುನಾಯಿಯದು. ಅದು ನಾಲ್ಕು ಮರಿ ಹಾಕಿತ್ತು. ಬಡಗಿಗೆ ಆರು ವರ್ಷದ ಮಗಳು. ಹಿತ್ತಲಲ್ಲಿ ಗೋಡೆ ಕಟ್ಟಲು ತರಿಸಿದ್ದ ಮರಳಿನ ಗುಡ್ಡೆಯೇ ಅವಳಿಗೂ ಮರಿಗಳಿಗೂ ಅರಮನೆ.

"ಮಗಳು ಅದರಲ್ಲೇ ಬಿದ್ದಿರ್ತಾಳೆ ಅಕ್ಕಾ. ಬಿಡಬಹುದಾ?" ಎಂದು ಬಡಗಿ ಕೇಳಿದ್ದ.

"ಏನೂ ಇಲ್ಲ. ಧೈರ್ಯವಾಗಿ ಆಡ್ಲಿ ಬಿಡಿ" ಎಂದು ಇವಳು ಚೀಟಿ ಬರೆದುಕೊಟ್ಟಿದ್ದಳು.

ಮಧ್ಯಾಹ್ನ ಆಯಾ ಸಾಮಾನು ತೊಳೆಯಲು ಬಂದಳು. ಹನ್ನೆರಡು ವರ್ಷದಿಂದ ಆ ಕೋಣೆಯ ಗಾಜು, ಬಾಟಲಿ, ನೆಲ ಎಲ್ಲ ಅವಳ ಕೈಯಲ್ಲೇ ತೊಳೆಸಿಕೊಂಡವು. ಉಪ್ಪುನೀರಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಳು.

"ಅಕ್ಕಾ, ದಿನಾ ಇದರ ತಳದಲ್ಲಿ ಉಪ್ಪು ಕೂತಿರುತ್ತೆ. ಕೆರೆದೂ ಕೆರೆದೂ ನನ್ನ ಉಗುರು ಸವೀತು. ಇವತ್ತು ಒಂದು ಹರಳೂ ಇಲ್ವಲ್ಲ?"

"ನಿನ್ನ ಕೆಲಸ ನೀನು ನೋಡ್ಕೋ. ನಂಗೆ ಪಾಠ ಹೇಳ್ಬೇಡ" ಎಂದು ಲ್ಯಾಬಕ್ಕ ಸಿಡುಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಯಾ ಬಾಟಲಿಯನ್ನು ತೊಳೆಯಲಿಲ್ಲ. ಅದನ್ನು ಲ್ಯಾಬಕ್ಕನ ಮೇಜಿನ ಮೇಲೆ, ಅವಳ ಮೂಗಿನ ಎದುರಿಗೇ ಇಟ್ಟು ನೆಲ ಒರೆಸತೊಡಗಿದಳು.

ಹತ್ತು ನಿಮಿಷ ಲ್ಯಾಬಕ್ಕ ಆ ಬಾಟಲಿಯನ್ನು ನೋಡದ ಹಾಗೆ ನಟಿಸಿದಳು. ಆಮೇಲೆ ಎದ್ದು, ಕೋಳಿ ವಿಭಾಗದಿಂದ ಒಂದು ಹಸಿ ಮೊಟ್ಟೆ ತಂದು, ನೀರನ್ನು ಲೋಟಕ್ಕೆ ಬಗ್ಗಿಸಿ ಅದರಲ್ಲಿ ಬಿಟ್ಟಳು. ಉಪ್ಪು ಸರಿಯಾಗಿದ್ದರೆ ಮೊಟ್ಟೆ ತೇಲಬೇಕು. ಅದು ಸೀದಾ ತಳ ಸೇರಿ ಕೂತಿತು.

"ಬೆಳಗಿನ ಡಬ್ಬಿಗಳನ್ನೆಲ್ಲ ಎಸೆದುಬಿಟ್ಯಾ?" ಎಂದು ಆಯಾಳನ್ನು ಕೇಳಿದಳು.

"ಇಲ್ಲ ಅಕ್ಕಾ. ಯಾಕೋ ಅನುಮಾನ ಬಂತು. ಸಿಂಕಿನ ಕೆಳಗೆ ಇಟ್ಟಿದ್ದೀನಿ. ಹದಿನಾಲ್ಕೂ ಇವೆ."

ಲ್ಯಾಬಕ್ಕ ಸೀದಾ ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನು ಒದರಿದಳು. "ತಪ್ಪು ನನ್ನದು ಸಾರ್. ಉಪ್ಪು ತಿಂದವರು ನೀರು ಕುಡೀಲೇಬೇಕು. ನನ್ನ ಮೇಲೆ ಏನು ಬೇಕಾದ್ರೂ ಬರೀರಿ."

ಡಾಕ್ಟರು ಕನ್ನಡಕ ತೆಗೆದು ಅವಳ ಮುಖ ನೋಡಿದರು. "ಬರೆಯೋದು ಆಮೇಲೆ. ಮೊದಲು ಉಪ್ಪು ತರಿಸೋಣ" ಎಂದು ತಾವೇ ಅಂಗಡಿಗೆ ನಡೆದರು. ಆ ಮನುಷ್ಯನ ಋಣವನ್ನೂ ಅವಳು ಮರೆತಿಲ್ಲ.

ಎರಡನೇ ಸಲ ನೋಡಿದಾಗ ಐದು ಮಾದರಿಗಳಲ್ಲಿ ಮೊಟ್ಟೆ ಸಿಕ್ಕವು. ಬಡಗಿಯ ನಾಯಿಯದಂತೂ ತುಂಬಿ ತುಳುಕುತ್ತಿತ್ತು. ದುಂಡಗೆ, ಒರಟು ಸಿಪ್ಪೆಯ, ನಾಯಿಯ ದುಂಡುಹುಳುವಿನ ಮೊಟ್ಟೆಗಳು. ಅವು ಹೊರಬಿದ್ದ ದಿನವೇ ಯಾರಿಗೂ ಏನೂ ಮಾಡುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆ ಮಗುವಿನ ಕೈಯಿಂದ ಬಾಯಿಗೆ ಹೋದರೆ, ಒಳಗೆ ಮರಿಹುಳು ದಾರಿ ತಪ್ಪಿ ಎಲ್ಲೆಲ್ಲೋ ಅಲೆಯುತ್ತದೆ. ಕೆಲವೊಮ್ಮೆ ಕಣ್ಣಿಗೇ ಹೋಗಿ ಕೂರುತ್ತದೆ. ಆ ನಾಯಿ ತಿಂಗಳುಗಟ್ಟಲೆಯಿಂದ ಅದೇ ಮರಳಿನಲ್ಲಿ ಮಲಗಿ ಏಳುತ್ತಿತ್ತು.

ಫೋನು ಮಾಡಿದರೆ ಗರಗಸದ ಸದ್ದಿನಲ್ಲಿ ಬಡಗಿಗೆ ಎಲ್ಲಿ ಕೇಳಬೇಕು. ಉಳಿದ ನಾಲ್ಕು ಮನೆಗಳಿಗೆ ಕಾಂಪೌಂಡರು ಹೊರಟರು. ಬಡಗಿಯ ಮನೆಗೆ ಲ್ಯಾಬಕ್ಕ ತಾನೇ ಹೊರಟಳು. ಒಬ್ಬಳೇ ಹೋಗಲು ಕಾಲು ಬರಲಿಲ್ಲ, ಆಯಾಳನ್ನೂ ಕರೆದುಕೊಂಡಳು. ಹುಡುಗಿ ಮೊಣಕಾಲವರೆಗೆ ಮರಳಿನಲ್ಲಿ ಹೂತು ಮರಿಗಳಿಗೆ ಮನೆ ಕಟ್ಟುತ್ತಿದ್ದಳು.

"ಬೆಳಗ್ಗೆ ಇಲ್ಲ ಅಂದ್ರಿ, ಈಗ ಇದೆ ಅಂತೀರಿ. ನಿಮ್ಮ ಮಾತು ನಂಬಿ ಮಗೂನ ಬಿಟ್ಟಿದ್ನಲ್ರೀ!" ಬಡಗಿ ಗರಗಸ ನಿಲ್ಲಿಸಿ ಕೂಗಿದ.

"ನನ್ನಿಂದ ತಪ್ಪಾಯ್ತು. ಎಷ್ಟು ಬೇಕಾದ್ರೂ ಬೈರಿ, ಆದ್ರೆ ಮಗೂನ ಈಗಲೇ ಎತ್ಕೊಳ್ಳಿ. ಮರಳನ್ನ ಮುಚ್ಚಿಸಿ. ಡಾಕ್ಟರು ನಾಯಿಗೂ ಮರಿಗಳಿಗೂ ಔಷಧ ಕೊಡ್ತಾರೆ. ನಾಳೆ ಮಗೂನ ಒಂದ್ಸಲ ತೋರಿಸಿಬಿಡಿ."

ಬಡಗಿ ಬೈದ. ಮಗಳನ್ನು ಎತ್ತಿಕೊಂಡೇ ಬೈದ, ಅದೇ ಪುಣ್ಯ. ಆಯಾ ಅಷ್ಟರಲ್ಲಿ ಹುಡುಗಿಯ ಕೈಯನ್ನು ಸೋಪು ಹಚ್ಚಿ ಉಗುರಿನ ಸಂದಿನವರೆಗೂ ತಿಕ್ಕುತ್ತಿದ್ದಳು.

ಮಕ್ಕಳ ಡಾಕ್ಟರು ರಕ್ತದಲ್ಲಿ ಹುಳುವಿನ ಸುಳಿವು ಕಂಡು ಹುಡುಗಿಯನ್ನು ಕಣ್ಣಾಸ್ಪತ್ರೆಗೆ ಕಳಿಸಿದರು. ಅಂದು ಲ್ಯಾಬಕ್ಕ, ಆಯಾ ಇಬ್ಬರೂ ಅರ್ಧ ದಿನ ರಜೆ ಹಾಕಿ ಅಲ್ಲಿನ ಬೆಂಚಿನ ಮೇಲೆ ಕೂತಿದ್ದರು. ಯಾರೂ ಬರಹೇಳಿರಲಿಲ್ಲ. ಒಳಗೆ ಹುಡುಗಿ ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದದ್ದು ಕೇಳುತ್ತಿತ್ತು. ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಬಡಗಿ ಹೊರಬಂದ. ಎಡಗಣ್ಣಿನ ಒಳಗೆ ಅಂಚಿನಲ್ಲೊಂದು ಸಣ್ಣ ಊತ ಇದೆಯಂತೆ. ನಡುವಿಗೆ ಹರಡಿಲ್ಲ, ಈಗಲೇ ಔಷಧ ಶುರು ಮಾಡಿದರೆ ದೃಷ್ಟಿಗೆ ಭಯವಿಲ್ಲ, ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರಂತೆ. ಅಷ್ಟು ಹೇಳುವುದರೊಳಗೆ ಅವನ ದನಿ ಒಡೆಯಿತು. ಲ್ಯಾಬಕ್ಕನಿಗೆ ಕೈ ಮುಗಿದ.

ಅವಳು ಆ ಕೈಗಳನ್ನು ಹಿಡಿದು ಪಕ್ಕಕ್ಕೆ ತಿರುಗಿಸಿದಳು. "ನಂಗಲ್ಲ, ಇವಳಿಗೆ ಮುಗೀರಿ. ನಾನು ಇಲ್ಲ ಅಂದವಳು. ಇದೆ ಅನ್ನಿಸಿದವಳು ಇವಳು."

"ಅಯ್ಯೋ, ನಾನೇನ್ ಮಾಡ್ದೆ? ಒಂದು ಬಾಟಲಿ ತೊಳೀಲಿಲ್ಲ, ಅಷ್ಟೇ" ಎಂದು ಆಯಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದರು. ಲ್ಯಾಬಕ್ಕನಿಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. "ನಿನ್ನ ಉಪಕಾರ ಈ ಜನ್ಮದಲ್ಲಿ ತೀರಿಸೋಕಾಗಲ್ಲ ಕಣೇ" ಎಂದಳು. ಮೂಗು ಒರೆಸಿಕೊಂಡು ಕೇಳಿದಳು: "ಅವತ್ತು ಅಷ್ಟು ಬೈದೆನಲ್ಲ. ಹಾಳಾಗಿ ಹೋಗ್ಲಿ ಅಂತ ಡಬ್ಬಿಗಳನ್ನ ಎಸೆದುಬಿಡಬಹುದಿತ್ತು. ಯಾಕೆ ಇಟ್ಕೊಂಡೆ?"

"ನೀವು ಬೈತೀರಾ ಅಂತ ಗೊತ್ತಿತ್ತು ಅಕ್ಕಾ" ಎಂದಳು ಆಯಾ. "ಬೈದಾದ ಮೇಲೆ ಎದ್ದು ನೋಡೇ ನೋಡ್ತೀರಾ ಅಂತಾನೂ ಗೊತ್ತಿತ್ತು."