ಸಿಹಿನೀರು ಬಾವಿಯ ಆಯಿ

ಹೋದ ವಾರ ಚಿಕ್ಕೋಡಿಯ ನಮ್ಮ ಮನೆಯ ನಳಕ್ಕೆ ಕೆಂಪು ನೀರು ಬಂತು. ಹೊಳೆಗೆ ಹೊಸ ನೀರು ಇಳಿದಾಗ ವರ್ಷಕ್ಕೊಮ್ಮೆ ಹೀಗಾಗುತ್ತದೆ. ಗೋಡೆಯ ಮೇಲಿನ ಫಿಲ್ಟರು ಎರಡೇ ದಿನಕ್ಕೆ ಕಟ್ಟಿಕೊಂಡು ಕೂತಿತು. ರಿಪೇರಿಯವನು “ನಾಳೆ ಬರ್ತೇನ್ರಿ ಅಕ್ಕಾರ” ಎಂದ, ಅವನ ನಾಳೆ ಇನ್ನೂ ಬಂದಿಲ್ಲ. ಕೊನೆಗೆ ನಮ್ಮ ಮನೆಯವರ ಹಳೇ ಧೋತರ ಹರಿದು, ಎರಡು ಮಡಿಕೆ ಮಾಡಿ ನಳದ ಬಾಯಿಗೆ ಕಟ್ಟಿದೆ. ಸಂಜೆ ಬಿಚ್ಚಿ ಹಿಂಡಬೇಕೆಂದು ಕೈ ಹಾಕಿದಾಗ ಆ ಒದ್ದೆ ಹತ್ತಿಬಟ್ಟೆಯ ವಾಸನೆ ಮೂಗಿಗೆ ಬಂತು... ಮಣ್ಣು, ಪಾಚಿ, ಒಣಗಿ ಮತ್ತೆ ನೆನೆದ ನೂಲು, ಎಲ್ಲ ಸೇರಿದ ವಾಸನೆ. ಕೈ ಅಲ್ಲೇ ನಿಂತಿತು. ‘ಹಿಂಡಬ್ಯಾಡ’ ಎಂದು ಯಾರೋ ಬೆನ್ನ ಹಿಂದಿನಿಂದ ಗದರಿಸಿದ ಹಾಗಾಯಿತು. ಯಾರೋ ಏನು ಬಂತು, ಆಯಿಯೇ.

ಆಯಿ ನಮ್ಮ ಸಂಬಂಧಿಕಳಲ್ಲ. ದಿಗ್ಗೇವಾಡಿಯಲ್ಲಿ ನನ್ನ ತವರುಮನೆಯ ಪಕ್ಕದ ಮನೆ ಅವಳದು. ಅವರು ಜೈನರು, ನಾವು ಕಬ್ಬು ಬೆಳೆಯುವ ಒಕ್ಕಲಿನವರು, ನಡುವೆ ಎದೆಮಟ್ಟದ ಒಂದು ಗೋಡೆ. ನಮ್ಮ ಹಿತ್ತಲ ಬಾವಿಯದು ಸವಳು ನೀರು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಗೋಡೆಯಾಚೆ ಇಪ್ಪತ್ತು ಹೆಜ್ಜೆಯ ಮೇಲಿದ್ದ ಅವರ ಬಾವಿಯಲ್ಲಿ ಮಾತ್ರ ಸಿಹಿನೀರು. ಭೂಮಿಯೊಳಗೆ ಅಣ್ಣತಮ್ಮಂದಿರ ಹಾಗೆ ಅದೇನು ಪಾಲಾಗಿತ್ತೋ ದೇವರೇ ಬಲ್ಲ. ದಿನಾ ಬೆಳಿಗ್ಗೆ ಕೊಡ ಹಿಡಿದು ಆಯಿಯ ಬಾವಿಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ.

ಆಯಿ ಸೋಸದ ನೀರನ್ನು ಕೈಯಲ್ಲಿ ಕೂಡ ಮುಟ್ಟುತ್ತಿರಲಿಲ್ಲ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸುವಳು. ಅಷ್ಟಾದರೆ ಎಲ್ಲರೂ ಮಾಡುವುದೇ. ಆಯಿಯ ನಿಜವಾದ ಕೆಲಸ ಆಮೇಲೆ ಶುರುವಾಗುತ್ತಿತ್ತು. ಬಟ್ಟೆಯನ್ನು ಹಿಂಡದೆ, ಬೋರಲು ಮಾಡಿ, ಸೋಸಿದ ನೀರನ್ನೇ ಮೇಲೆ ಸುರಿದು, ಬಟ್ಟೆಗೆ ಅಂಟಿದ್ದನ್ನೆಲ್ಲ ಒಂದು ಸಣ್ಣ ಬಕೆಟ್ಟಿಗೆ ಇಳಿಸುವಳು. ಆ ಬಕೆಟ್ಟಿನ ತಳಕ್ಕೆ ಇನ್ನೊಂದು ಹಗ್ಗ ಕಟ್ಟಿರುತ್ತಿತ್ತು. ಮೆಲ್ಲಗೆ ಬಾವಿಗೆ ಬಿಟ್ಟು, ಅದು ನೀರಿಗೆ ತಾಗಿದ ಮೇಲೆಯೇ ತಳದ ಹಗ್ಗ ಎಳೆದು ಬಗ್ಗಿಸುವಳು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದಂತೆ.

“ಯಾವ ಜೀವ ಆಯಿ? ನನಗೇನೂ ಕಾಣವಲ್ದು.”

“ನಿನಗ ಕಾಣಲಿಲ್ಲಂದ್ರ ಅವು ಇಲ್ಲೇನ? ಎಲ್ಲಿಂದ ಬಂದಾವೋ ಅಲ್ಲೇ ಹೋಗಬೇಕ ಅವು. ಒಂದ ಬಾವಿ ಜೀವ ಇನ್ನೊಂದ ಬಾವ್ಯಾಗ ಬದಕಾಂಗಿಲ್ಲ, ತಂಗಿ.”

ಒಮ್ಮೆ ಆಯಿಗೆ ಜ್ವರ ಬಂದು ಆ ಕೆಲಸವನ್ನು ನನಗೆ ವಹಿಸಿದಳು. ಶಾಲೆಗೆ ಹೊತ್ತಾಗಿತ್ತು. ಗೋಡೆ ಹಾರಿ ಬಂದವಳೇ ಬಕೆಟ್ಟನ್ನು ನಮ್ಮ ಸವಳು ಬಾವಿಗೆ ಸುರುವಿ ಓಡಿದೆ. ಸಂಜೆ ಅವಳು ಕೇಳಿದಾಗ ದೊಡ್ಡ ಸಾಧನೆಯ ಹಾಗೆ ಹೇಳಿಯೂ ಬಿಟ್ಟೆ. ಆಯಿ ಬೈಯಲಿಲ್ಲ. “ಸವಳ ನೀರಾಗ ಬಿಟ್ಟೇನ...” ಎಂದಳು. ಮರುದಿನ ಅವಳು ಊಟ ಬಿಟ್ಟಿದ್ದಾಳೆಂದು ಅವ್ವ ಹೇಳಿದಳು. ನಾನು ಮಾಡಿದ ತಪ್ಪಿಗೆ ಜ್ವರದ ಮುದುಕಿ ಉಪವಾಸ. ಎರಡು ಏಟು ಕೊಟ್ಟಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆಯಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗೆ ಮೊದಲ ಅಕ್ಷರ ತಿದ್ದಿಸಿದವಳು ಅವಳೇ. ಅವಳು ಎಡಗೈಯಲ್ಲಿ ಬರೆಯುತ್ತಿದ್ದಳು, ಅವಳನ್ನು ನೋಡಿ ನಾನೂ ಎಡಗೈಯಲ್ಲಿ ಬರೆಯಹೋಗಿ ಮಾಸ್ತರರಿಂದ ಪೆಟ್ಟು ತಿಂದಿದ್ದೆ. ಹೋಳಿಗೆ ಎಂದರೆ ಅಕ್ಕನಿಗೆ ಪ್ರಾಣ. ನಾನು ಶಾಲೆಯ ಐದನೇ ಇಯತ್ತೆಯಲ್ಲಿದ್ದಾಗ ಅಕ್ಕ ದೀಕ್ಷೆ ತೆಗೆದುಕೊಂಡಳು. ಉದ್ದ ಜಡೆಯ ಕೂದಲನ್ನು ಎಳೆ ಎಳೆಯಾಗಿ ಕಿತ್ತು, ಬಿಳಿ ಸೀರೆ ಉಟ್ಟು, ನವಿಲುಗರಿಯ ಪಿಂಛಿ ಹಿಡಿದು, ಸಾಧ್ವಿಯರ ಸಂಘದ ಜೊತೆ ಬರಿಗಾಲಲ್ಲಿ ನಡೆದು ಹೊರಟೇಹೋದಳು. ಅಂದಿನಿಂದ ಊರಿಗೆಲ್ಲ ಅವಳು ಮಾತಾಜಿ. ಹೆತ್ತವಳಿಗೂ.

ಮೂರು ವರ್ಷದ ಮೇಲೆ ಆ ಸಂಘ ನಮ್ಮೂರಿಗೆ ಬಂತು. ಜೈನ ಬಸ್ತಿಯಲ್ಲಿ ಮೂರು ದಿನ ವಾಸ್ತವ್ಯ. ಅವರು ಉಣ್ಣುವುದು ದಿನಕ್ಕೊಂದೇ ಸಲ, ಅದೂ ಬೊಗಸೆಯಲ್ಲಿ. ಆಹಾರ ಕೊಡುವ ಆಸೆಯಿದ್ದವರು ಮಿಂದು ಮಡಿಯುಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಹೊರಡುವ ಮುಂಚೆ ಅವರು ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡಿರುತ್ತಾರೆ, ಇಂಥದ್ದು ಕಂಡ ಮನೆಯಲ್ಲೇ ನಿಲ್ಲುತ್ತೇನೆ ಎಂದು. ಅದೇನೆಂದು ಯಾರಿಗೂ ಹೇಳುವುದಿಲ್ಲ. ಅದು ಕಾಣದಿದ್ದರೆ ಮುಂದಿನ ಮನೆಗೆ. ಅದು ಹೆತ್ತವಳ ಮನೆಯೇ ಇರಲಿ.

ನಾನು ಮತ್ತು ಅವ್ವ ಗೋಡೆಗೆ ಆತು ನೋಡುತ್ತಿದ್ದೆವು. ಮೊದಲ ದಿನ ಆಯಿ ಬೆಳ್ಳಿಯ ಕಲಶ ಹಿಡಿದು ನಿಂತಳು. ಮಾತಾಜಿ ತಲೆ ತಗ್ಗಿಸಿ ನಡೆದು ಬಂದರು, ಬಾಗಿಲ ಮುಂದೆ ಹಾದರು, ಹೋದರು. ಎರಡನೆಯ ದಿನ ಕಲಶದ ಮೇಲೆ ತೆಂಗಿನಕಾಯಿಯೂ ಇತ್ತು. ಅಂದೂ ಹಾಗೆಯೇ. ಓಣಿಯವರೆಲ್ಲ ನೇಮ ಊಹಿಸುವುದರಲ್ಲಿ ಬಿದ್ದರು. ಬಾಳೆಹಣ್ಣು ಹಿಡಿ ಎಂದು ಒಬ್ಬರು, ಮಗನನ್ನು ಎಡಕ್ಕೆ ನಿಲ್ಲಿಸು ಎಂದು ಇನ್ನೊಬ್ಬರು. ಮಗಳು ಊರಿಗೆ ಬಂದು ಎರಡು ದಿನವಾಗಿತ್ತು, ಆಯಿಗೆ ಒಂದು ತುತ್ತು ಇಡಲಾಗಿರಲಿಲ್ಲ.

ಮೂರನೆಯ ದಿನ ಆಯಿ ಯಾರ ಮಾತೂ ಕೇಳಲಿಲ್ಲ. ದಿನನಿತ್ಯದ ಹಿತ್ತಾಳೆ ತಂಬಿಗೆ ಹಿಡಿದು ನಿಂತಳು. “ವಂದಾಮಿ ಮಾತಾಜಿ, ನಿಲ್ಲಬೇಕ್ರಿ, ಆಹಾರ ಜಲ ಶುದ್ಧ ಐತಿ...” ಎಂದಳು. ಮಾತಾಜಿ ನಿಂತರು.

ಅವ್ವ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಆಮೇಲೆ ತಿಳಿಯಿತು ಯಾಕೆಂದು. ಆಹಾರದ ಹೊತ್ತಿನಲ್ಲಿ ಕೂದಲು ಬಿದ್ದರೆ, ಹುಳ ಕಂಡರೆ, ಯಾರಾದರೂ ಅತ್ತರೆ ಅಂತರಾಯ. ಅಂದರೆ ಅಲ್ಲಿಗೇ ಊಟ ಮುಗಿಯಿತು, ಮರುದಿನದವರೆಗೆ ನೀರೂ ಇಲ್ಲ. ತೆರೆದ ಬಾಗಿಲಿನಿಂದ ಆಯಿಯ ಕೈ ಮಾತ್ರ ನಮಗೆ ಕಾಣುತ್ತಿತ್ತು. ಬೊಗಸೆಗೆ ಅನ್ನ, ತೊವ್ವೆ, ಹಾಲು ಇಡುತ್ತಿದ್ದಳು. ಹೋಳಿಗೆ ಇರಲಿಲ್ಲ, ಮಾತಾಜಿ ಬೆಲ್ಲ ಬಿಟ್ಟಿದ್ದರು. ನಾಲ್ಕು ದಿಕ್ಕಿಗೂ ಕಬ್ಬು ನಿಂತ ಊರಿನ ಮಗಳು. ಆಯಿಯ ಕೈ ಒಂದಾದ ಮೇಲೊಂದು ತುತ್ತು ಇಡುತ್ತಲೇ ಇತ್ತು. ಕೊನೆಯ ಬೊಗಸೆ ನೀರಿನವರೆಗೂ ಅವಳು ಅಳಲಿಲ್ಲ. ಮಾತಾಜಿ ಬಸ್ತಿಗೆ ಹೋದ ಮೇಲೆ ಹಿತ್ತಲಿಗೆ ಬಂದು, ಸೋಸುವ ಬಟ್ಟೆ ಬೋರಲು ಮಾಡಿ, ಬಕೆಟ್ಟನ್ನು ಎಂದಿನಂತೆ ಮೆಲ್ಲಗೆ ಬಾವಿಗೆ ಇಳಿಸಿದಳು...

ನಾನು ಚಿಕ್ಕೋಡಿಯ ಕಾಲೇಜಿಗೆ ಸೇರಿದೆ, ಕಥೆ ಬರೆಯುವ ಹುಚ್ಚು ಹಿಡಿಯಿತು. ಹಾಸ್ಟೆಲಿನಲ್ಲಿ ದೂರದ ಊರಿನ ಹುಡುಗಿಯರು ನನ್ನ ‘ಹೋಗಾಕತ್ತೇನಿ’ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ನನ್ನ ಓಣಿ, ನನ್ನ ಮಾತು, ಎರಡಕ್ಕೂ ನಾಚುತ್ತಿದ್ದ ಕಾಲ ಅದು. ಕಥಾಸ್ಪರ್ಧೆಯೊಂದಕ್ಕೆ ಆಯಿಯ ಕಥೆಯನ್ನೇ ಎತ್ತಿಕೊಂಡೆ, ಆದರೆ ಒಯ್ದು ಸಮುದ್ರದ ದಂಡೆಯ ಮೇಲೆ ಇಟ್ಟೆ. ಸಮುದ್ರವನ್ನು ನಾನು ನೋಡಿದ್ದು ಬೀಜದ ಅಂಗಡಿಯ ಕ್ಯಾಲೆಂಡರಿನಲ್ಲಿ. ನನ್ನ ಜನ “ಬನ್ನಿ, ಕುಳಿತುಕೊಳ್ಳಿ” ಎಂದು ಶಾಲೆಯ ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಿದ್ದರು. ಮಗಳು ಅಲೆಗೆ ಸಿಕ್ಕಿ ಸಾಯುತ್ತಾಳೆ. ತಾಯಿ ಮರಳಿನ ಮೇಲೆ ಹೊರಳಾಡಿ ಎರಡು ಪುಟ ಅಳುತ್ತಾಳೆ, ಆಮೇಲೆ ದಿನಾ ರಾತ್ರಿ ಸತ್ತ ಮಗಳಿಗೊಂದು ತಟ್ಟೆ ಬಡಿಸಿ ಕಾಯುತ್ತಾಳೆ. ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೋ ಸಮೇತ ಅಚ್ಚಾಯಿತು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.

ಕಾಲೇಜಿಗೆ ಸೂಟಿ ಬಿಟ್ಟು ಊರಿಗೆ ಹೋದಾಗ ಆಯಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. “ಓದ ನೋಡೋಣು, ಏನ ಬರದೀ” ಎಂದಳು. ನಾನು ಏರಿಳಿತ ಮಾಡಿ ಓದಿದೆ. ಮಗಳು ಎಡಗೈಯಲ್ಲಿ ಬರೆಯುತ್ತಿದ್ದಳು ಎಂಬ ಸಾಲಿಗೆ ಅವಳ ಬೆರಳು ಅಕ್ಕಿಯಲ್ಲೇ ನಿಂತವು. ಅಕ್ಕನಿಂದ ಅದೊಂದನ್ನು ಮಾತ್ರ ನಾನು ಬದಲಿಸದೆ ಉಳಿಸಿಕೊಂಡಿದ್ದೆ. ಓದು ಮುಗಿಯಿತು. ಆಯಿ ಮತ್ತೆ ಅಕ್ಕಿಗೆ ಕೈ ಹಾಕಿದಳು.

“ಹೊತ್ತ ಮುಳುಗಿದ ಮ್ಯಾಲ ತಾಟ ಬಡಿಸ್ಯಾಳಲ್ಲ, ಯಾರ ಮನ್ಯಾಗರ ಹಂಗ ಉಣ್ತೇವೇನ ನಾವು?”

“ಅದು ನಿಮ್ಮ ಮನಿ ಅಲ್ಲ ಆಯಿ. ಕಥಿ ಅದು.”

“ಎಡಗೈ ಹುಡುಗಿ ನಮ್ಮಕಿನ. ಅಕಿನ್ನ ಸಾಯಿಸಿದಿ, ಇರ್ಲಿ. ನನ್ನ ಯಾಕ ಅಳಿಸಿದಿ? ನೀ ಗ್ವಾಡಿಗೆ ಆತ ನಿಂತ ನೋಡಿದೆಲ್ಲ, ನಾ ಅತ್ತಿದ್ನೇನ? ಅತ್ತಿದ್ರ ಅಕಿ ಅವತ್ತ ಉಪಾಸ ಬೀಳತಿದ್ಲು.” ಮೊರದ ಅಂಚಿಗೆ ಕಲ್ಲೊಂದನ್ನು ಸರಿಸಿದಳು. “ಸಿಹಿನೀರಿನ ಜೀವ ಒಯ್ದ ಉಪ್ಪನೀರಾಗ ಬಿಟ್ಟಿ ನೋಡ, ಮತ್ತ.”

ಬಹುಮಾನ ಬಂದ ಲೇಖಕಿ ನಾನು. ಸಿಟ್ಟು ನೆತ್ತಿಗೇರಿತು. “ನಿನಗ ಕಥಿ ಅಂದ್ರ ಏನ ಗೊತ್ತೈತಿ, ಬಿಡು” ಎಂದು ಪತ್ರಿಕೆ ಮಡಚಿಕೊಂಡು ಎದ್ದುಬಂದೆ. ಈಗ ಬರೆಯುವಾಗಲೂ ಈ ಸಾಲಿಗೆ ಕೈ ಹಿಂಜರಿಯುತ್ತದೆ. ಅವಳಿಗಲ್ಲದೆ ಇನ್ನಾರಿಗೆ ಗೊತ್ತಿತ್ತು? ಅಂದು ಸಂಜೆ ಹೊತ್ತು ಮುಳುಗುವ ಮುಂಚೆ ಗೋಡೆಯಾಚೆಯಿಂದ “ತಂಗೀ, ಉಣ್ಣಾಕ ಬಾ” ಎಂಬ ಕರೆ ಎಂದಿನಂತೆ ಬಂತು. ನಾನು ಹೋಗಲಿಲ್ಲ.

ಮದುವೆಯಾಯಿತು, ಎರಡು ಮಕ್ಕಳಾದರು. ಬರೆಯುತ್ತಲೇ ಇದ್ದೆ. ಅಚ್ಚಾಗುತ್ತಿದ್ದವು, ಯಾರೂ ಒಂದು ಕಾರ್ಡು ಬರೆಯುತ್ತಿರಲಿಲ್ಲ. ನಾನೇ ಬರೆದ ಹೆಂಗಸರು ಹಾದಿಯಲ್ಲಿ ಎದುರಾದರೆ ನನಗೇ ಗುರುತು ಸಿಗುವಂತಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ. ಒಂದು ಬೇಸಿಗೆಯಲ್ಲಿ, ನಲವತ್ತರ ಹತ್ತಿರ, ಆಯಿಯ ಬಾಗಿಲಿನ ಆ ಮೂರು ದಿನ ಬರೆಯಲು ಕೂತೆ. ಕಲಶ, ತಂಬಿಗೆ, ಬೆಲ್ಲವಿಲ್ಲದ ಊಟ, ಅವ್ವನ ಕೈ. ಮಾತುಗಳನ್ನು ಅವರು ಆಡಿದ ಹಾಗೆಯೇ ಬಿಟ್ಟೆ. ಬರೆದು ಮುಗಿಸಿದವಳೇ ದಿಗ್ಗೇವಾಡಿಯ ಬಸ್ ಹತ್ತಿದೆ.

ಆಯಿಯ ಕಣ್ಣು ಆಗಲೇ ಮಂಜಾಗಿದ್ದವು, ಕಿವಿ ಮಾತ್ರ ಚುರುಕು. ಮಂಚದ ಪಕ್ಕ ಕೂತು ಓದಿದೆ. ಮಾತಾಜಿಯವರ ನೇಮ ಹಿತ್ತಾಳೆ ತಂಬಿಗೆಯೇ ಇತ್ತು ಎಂದು ನಾನು ಬರೆದ ಸಾಲು ಬಂದಾಗ ಕೈ ಎತ್ತಿ ತಡೆದಳು.

“ಅದು ನಿನಗ ಹೆಂಗ ಗೊತ್ತು? ನನಗ ಗೊತ್ತಿಲ್ಲ. ಗೊತ್ತಿಲ್ಲಂತ ಬರಿ.”

ಅಲ್ಲೇ ಪೆನ್ನು ತೆಗೆದು ಹೊಡೆದುಹಾಕಿದೆ. ಆಯಿ ಅಳಲಿಲ್ಲ ಎಂಬಲ್ಲಿಯವರೆಗೂ ತಲೆ ಎತ್ತದೆ ಓದಿ ಮುಗಿಸಿದೆ. ತಲೆ ಎತ್ತಿದರೆ ಆಯಿಯ ಕೆನ್ನೆಯೆಲ್ಲ ಒದ್ದೆ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಾಬರಿಯಾಗಿ ಕೈ ಹಿಡಿದೆ.

“ತಪ್ಪ ಬರದೆನೇನ ಆಯಿ?”

“ಇಲ್ಲ ತಂಗಿ, ಬರೋಬರಿ ಐತಿ. ಅಳಲಿ ಬಿಡ ನನ್ನ. ಈಗ ಅತ್ತರ ಯಾರೂ ಉಪಾಸ ಬೀಳಾಂಗಿಲ್ಲ.”

ಇಪ್ಪತ್ತೇಳು ವರ್ಷ ತಡೆದಿಟ್ಟ ಅಳು ಅದು. ನಾನು ಕೈ ಬಿಡದೆ ಕೂತೆ. ಹೊತ್ತು ಇಳಿಯುತ್ತಿತ್ತು, ಸೊಸೆ ಒಳಗಿನಿಂದ ಊಟಕ್ಕೆ ಕರೆದಳು. ಅಂದು ನಾನೂ ಅಲ್ಲೇ ಉಂಡೆ.

ಆಯಿ ಹೋಗಿ ಐದು ವರ್ಷವಾಯಿತು. ಸುದ್ದಿ ಮಾತಾಜಿಯವರಿಗೆ ಯಾವ ಊರಿನಲ್ಲಿ ಮುಟ್ಟಿತೋ, ಮುಟ್ಟಿದಾಗ ಅವರು ಏನು ಮಾಡಿದರೋ... ಗೊತ್ತಿಲ್ಲ. ಗೊತ್ತಿಲ್ಲವೆಂದೇ ಬರೆಯುತ್ತೇನೆ. ಬಾವಿಗೆ ಸಿಮೆಂಟಿನ ಹಲಗೆ ಮುಚ್ಚಿದ್ದಾರೆ, ಮೇಲೆ ಆಯಿಯ ಮೊಮ್ಮಗನ ಮೋಟರ್‌ಸೈಕಲ್ ನಿಲ್ಲುತ್ತದೆ. ಒಂದು ಕಥೆಯನ್ನಾದರೂ ಅದರ ನೀರಿಗೆ ಮರಳಿ ಬಿಟ್ಟೆ ಎಂಬುದಷ್ಟೇ ನನ್ನ ಸಮಾಧಾನ. ಎಷ್ಟನ್ನು ಉಪ್ಪುನೀರಿಗೆ ಸುರುವಿದೆನೋ ಅದು ನನಗೇ ಗೊತ್ತು.

ಮೊನ್ನೆ ಸಂಜೆ ಆ ಧೋತರದ ತುಂಡನ್ನು ನಾನು ಹಿಂಡಲಿಲ್ಲ. ಬೋರಲು ಮಾಡಿ, ಸೋಸಿದ ನೀರು ಸುರಿದು, ಒಂದು ತಂಬಿಗೆಗೆ ಇಳಿಸಿದೆ. ಇಳಿಸಿದ ಮೇಲೆ ತಂಬಿಗೆ ಹಿಡಿದು ಮೋರಿಯ ಮುಂದೆ ನಿಂತೇ ಇದ್ದೆ. ಎಲ್ಲಿ ಬಿಡಲಿ ಎಂದು ಕೇಳಲು ಆಯಿ ಇಲ್ಲ ಎಂಬುದು ಆ ಗಳಿಗೆಯಲ್ಲಿ ಹೊಸದಾಗಿ ತಿಳಿದ ಹಾಗೆ ತಿಳಿಯಿತು. ಅಳು ಬಂತು, ತಡೆಯಲಿಲ್ಲ. ಒಳಗಿನಿಂದ ನಮ್ಮ ಮನೆಯವರು “ಏನ ಮಾಡಾಕತ್ತೀ ಅಲ್ಲಿ?” ಎಂದರು. “ಏನಿಲ್ರಿ” ಎಂದೆ.

ನಳದ ನೀರು ಕೃಷ್ಣೆಯದು. ತಂಬಿಗೆಗೆ ತಟ್ಟೆ ಮುಚ್ಚಿ ಕಿಟಕಿಯ ನೆರಳಿನಲ್ಲಿ ಇಟ್ಟಿದ್ದೇನೆ. ಅದನ್ನು ಹಿಡಿದು ನಾಳೆ ಮುಂಜಾನೆಯ ಬಸ್ಸಿಗೆ ದಿಗ್ಗೇವಾಡಿಗೆ ಹೋಗುತ್ತೇನೆ, ಹೊಳೆ ಅಲ್ಲೇ ಹತ್ತಿರ.