ಕಪ್ಪೆಯ ನೊರೆ, ಅಪ್ಪನ ಕಾಲು

ಆ ಮಳೆಗಾಲ ನಾನು ಒಂದು ಕಡೆ ಕೂತವಳಲ್ಲ. ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದೆ. ಕಪ್ಪೆ ಹಿಡಿಯಲು ವಾರಕ್ಕೊಮ್ಮೆ ಕಾಗಿನೆಲೆಯ ಕೆರೆಗೆ ಬರುತ್ತಿದ್ದೆ. ಅಲ್ಲಿಂದ ಬಸ್ಸು ಹತ್ತಿದರೆ ಬ್ಯಾಡಗಿಯ ನಮ್ಮ ಮನೆ, ಮನೆಯಲ್ಲಿ ಅಪ್ಪನ ಎಡಗಾಲಿನ ಹುಣ್ಣು.

ಅಪ್ಪ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ, ಮುರಿದು ಮೂಸಿ, ಇದು ಎಂಥ ಮಾಲು ಎಂದು ಹೇಳುವವ. ಸಕ್ಕರೆ ಕಾಯಿಲೆ ಇತ್ತು. ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಹಾವೇರಿಯ ವೈದ್ಯರು ಔಷಧಿ ಬದಲಿಸಿ ಬದಲಿಸಿ ಸೋತು, “ಯಾವ ಗುಳಿಗಿಗೂ ಬಗ್ಗವಲ್ದ್ರಿ ಇದು. ಬೆರಳು ತಗೀಬೇಕಾಗಬಹುದು” ಎಂದರು.

ಕಪ್ಪೆಯ ಬೆನ್ನಿಗೆ ಸಣ್ಣ ಬ್ಯಾಟರಿಯ ತಂತಿ ಮುಟ್ಟಿಸಿದರೆ ಬಿಳಿ ನೊರೆ ಒಸರುತ್ತದೆ. ಅದನ್ನು ತೊಳೆದುಕೊಂಡು ಕಪ್ಪೆಯನ್ನು ಕೆರೆಗೇ ಬಿಡುತ್ತಿದ್ದೆವು. ನೊರೆಯಲ್ಲಿರುವ ಪೆಪ್ಟೈಡ್ ಎಂಬ ಪ್ರೋಟೀನಿನ ಚೂರುಗಳು ರೋಗಾಣುವಿನ ಹೊರಪೊರೆಯನ್ನೇ ತೂತು ಮಾಡುತ್ತವೆ. ಅಪ್ಪನ ಕೀವಿನಲ್ಲಿದ್ದ ರೋಗಾಣುವನ್ನೇ ಆಸ್ಪತ್ರೆಯ ಲ್ಯಾಬಿನವರಿಂದ ಕೇಳಿ ತಂದು, ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ನೊರೆಯ ಒಂದು ಹನಿ ಹಾಕಿದೆ. ಮರುದಿನ ಹನಿಯ ಸುತ್ತ ಸ್ವಚ್ಛ ಉಂಗುರ. ಅಲ್ಲಿ ಒಂದು ರೋಗಾಣುವೂ ಉಳಿದಿರಲಿಲ್ಲ.

ನನ್ನ ಸಂಶೋಧನೆಯ ಮಾರ್ಗದರ್ಶಕಿ ಮೇಡಂಗೆ ಹೇಳದೆ ನೊರೆಯ ಒಂದು ಸೀಸೆಯನ್ನು ಐಸು ತುಂಬಿದ ಥರ್ಮಾಸಿನಲ್ಲಿಟ್ಟುಕೊಂಡು ಬ್ಯಾಡಗಿಗೆ ಬಂದೆ. ಉಂಗುರದ ಕತೆ ಕೇಳಿದ ಅಪ್ಪ ತಾನೇ ಪಟ್ಟಿ ಬಿಚ್ಚಿ ಕಾಲು ಮುಂದೆ ಚಾಚಿದ.

“ಹಚ್ಚಿಬಿಡವಾ. ಹೆಂಗೂ ತಗಿಯೂ ಬೆರಳು.”

ಮುಚ್ಚಳ ತೆಗೆದೆ. ಇದನ್ನು ಯಾವ ಮನುಷ್ಯನ ಮೈಮೇಲೂ ಪರೀಕ್ಷಿಸಿಲ್ಲ ಎಂಬುದು ಆಗ ನೆನಪಾಯಿತು. ಸೀಸೆ ಮುಚ್ಚಿ, ಓಡುತ್ತ ಹೋಗಿ, ಮೂಲೆಯ ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಮೊದಲ ನಿನ್ನ ರಕ್ತಕ್ಕ ಹಾಕಿ ನೋಡು. ಆಮ್ಯಾಲ ನಿಮ್ಮಪ್ಪನ ಕಾಲು” ಎಂದಷ್ಟೇ ಹೇಳಿದರು.

ಮರುದಿನ ಧಾರವಾಡದಲ್ಲಿ ನನ್ನ ರಕ್ತ ತೆಗೆದು, ಕೆಂಪು ಕಣಗಳನ್ನು ಉಪ್ಪುನೀರಿನಲ್ಲಿ ಕಲಸಿ, ನೊರೆಯ ಹನಿ ಹಾಕಿದೆ. ಒಂದು ತಾಸಿನೊಳಗೆ ಕಣಗಳೆಲ್ಲ ಒಡೆದು ಕೊಳವೆ ಶರಬತ್ತಿನಂತೆ ತಿಳಿಗೆಂಪಾಯಿತು. ರೋಗಾಣುವಿಗೂ ನನಗೂ ಅದು ಭೇದ ಮಾಡಿರಲಿಲ್ಲ.

ವಾರದೊಳಗೆ ಹುಬ್ಬಳ್ಳಿಯಲ್ಲಿ ಅಪ್ಪನ ಎರಡು ಬೆರಳು ತೆಗೆದರು. ಎರಡು ದಿನ ಅಪ್ಪ ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ, “ಹಚ್ಚಿದ್ರ ಉಳೀತಿದ್ವೋ ಏನೋ” ಎಂದ. ರಕ್ತ ಒಡೆದದ್ದನ್ನು ಹೇಳಿದೆ. ಚಾದರದ ಅಂಚು ತಿರುವುತ್ತ ಕೇಳಿದ:

“ಹಂಗಾದ್ರ ಆ ಕಪ್ಪಿ ತಾನ ಹೆಂಗ ಬದುಕತೈತಿ, ಅದನ್ನೆಲ್ಲಾ ಮೈಯಾಗ ಇಟ್ಕೊಂಡು?”

“ಅದನ್ನ ಹುಡುಕಿ ನೋಡಬೇಕಪಾ” ಎಂದೆ.

ಗಾಯ ಮಾಯಿತು. ಅಪ್ಪ ಮೆತ್ತನೆಯ ಬೂಟು ಹೊಲಿಸಿಕೊಂಡು ಪೇಟೆಗೆ ಹೋಗತೊಡಗಿದ. ಮುಂದಿನ ಎರಡು ವರ್ಷ ನಾನು ಅವನ ಪ್ರಶ್ನೆಯ ಬೆನ್ನು ಹತ್ತಿದೆ. ಕಪ್ಪೆ ಆ ಚೂರುಗಳನ್ನು ಚರ್ಮದ ಚೀಲಗಳಲ್ಲಿ ಬೇರೆಯಾಗಿ ಕೂಡಿಟ್ಟು, ರಕ್ತಕ್ಕೆ ಸೋಕಿಸದೆ, ಬೇಕಾದಾಗ ಹೊರಕ್ಕೆ ಸುರಿಸುತ್ತದೆ. ಅವುಗಳಲ್ಲಿ ಒಂದು ಚೂರನ್ನು, ರಕ್ತಕ್ಕೆ ಅಷ್ಟು ಹಾನಿಯಾಗದಂತೆ, ತುಸು ಬದಲಿಸಲು ಸಾಧ್ಯವಾಯಿತು. ಅದು ಔಷಧಿ ಮಾತ್ರ ಆಗಲಿಲ್ಲ.